ತವರು ಬೇಡವೆಂದಿತು, ಮೈಸೂರು ಇಂಗ್ಲೆಂಡಿಗೆ ಕಳಿಸಿತು: ಪ್ಲೇಗ್ ಕಾಲದ ಬೆಂಗಳೂರಿನ ವೈದ್ಯ ಡಾ. ಪಲ್ಪು ಬದುಕಿನ ಕಥೆ

ಇಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕರೊಬ್ಬರಿಗೆ ಸಂಶೋಧನೆ ಮಾಡುವ ಮನಸ್ಸಿದ್ದರೆ ಅರ್ಜಿ ಹಾಕಲು ಕೆಲವು ಬಾಗಿಲುಗಳಾದರೂ ಇವೆ. ದೆಹಲಿಯಲ್ಲಿ ಐಸಿಎಂಆರ್ ಇದೆ, ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನವಿದೆ. ಹಣ ಸಾಲದು, ಮಂಜೂರಾತಿ ತಡ ಎಂಬ ದೂರು ಇದ್ದದ್ದೇ. ಆದರೆ 130 ವರ್ಷಗಳ ಹಿಂದೆ ಭಾರತದ ವೈದ್ಯನಿಗೆ ಅಂಥ ಬಾಗಿಲೇ ಇರಲಿಲ್ಲ. ಐಸಿಎಂಆರ್‌ನ ಮೂಲ ರೂಪವಾದ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಹುಟ್ಟಿದ್ದೇ 1911ರಲ್ಲಿ. ಅದಕ್ಕೂ ಮೊದಲು ವೈದ್ಯನೊಬ್ಬ ಹೆಚ್ಚಿನದನ್ನು ಕಲಿಯಬೇಕೆಂದರೆ ಒಂದೋ ಮನೆಯಲ್ಲಿ ಹಣವಿರಬೇಕಿತ್ತು, ಇಲ್ಲವೇ ಯಾವುದಾದರೂ ಸರ್ಕಾರ ಕೈ ಹಿಡಿಯಬೇಕಿತ್ತು.

ತಿರುವನಂತಪುರದ ಪದ್ಮನಾಭನ್ ಪಲ್ಪು ಅವರಿಗೆ ಮನೆಯಲ್ಲಿ ಹಣವಿರಲಿಲ್ಲ. ಅವರ ಊರಿನ ಸರ್ಕಾರ ಕೈ ಹಿಡಿಯಲಿಲ್ಲ. ಹಿಡಿದದ್ದು ಮೈಸೂರು ಸಂಸ್ಥಾನ. ಕೇರಳದಲ್ಲಿ ಡಾ. ಪಲ್ಪು ಎಂದರೆ ಗೊತ್ತಿಲ್ಲದವರು ಕಡಿಮೆ. ಅವರು ದುಡಿದ ಬೆಂಗಳೂರಿನಲ್ಲಿ ಮಾತ್ರ ಆ ಹೆಸರು ಹೆಚ್ಚು ಜನರಿಗೆ ತಿಳಿದಿಲ್ಲ.

ಪರೀಕ್ಷೆ ಪಾಸಾದರೂ ಸೀಟು ಸಿಗಲಿಲ್ಲ

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಈಳವ ಸಮುದಾಯದ ಕುಟುಂಬ. ನಮ್ಮ ಕರಾವಳಿಯ ಬಿಲ್ಲವರಂತೆ ಈಳವರಲ್ಲೂ ಹಲವರದ್ದು ಶೇಂದಿ ಇಳಿಸುವ ಕಸುಬು. ತೆಂಗಿನ ನಾರಿನ ಕೆಲಸ ಮಾಡುವವರೂ ಇದ್ದರು, ತಲೆಮಾರುಗಳಿಂದ ನಾಟಿ ವೈದ್ಯ ಮಾಡಿಕೊಂಡು ಬಂದ ಸಂಸ್ಕೃತ ಬಲ್ಲ ಮನೆಗಳೂ ಇದ್ದವು. ಆದರೂ ತಿರುವಾಂಕೂರು ಸಂಸ್ಥಾನದಲ್ಲಿ ಅವರಿಗೆ ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿತ್ತು. ಬಹುಪಾಲು ಸರ್ಕಾರಿ ಶಾಲೆಗಳಿಗೆ, ದೇವಸ್ಥಾನಕ್ಕೆ, ದೇವಸ್ಥಾನದ ಸುತ್ತಲಿನ ರಸ್ತೆಗಳಿಗೂ ಅವರಿಗೆ ಪ್ರವೇಶ ಇರಲಿಲ್ಲ.

ಅಂಥ ಊರಿನಲ್ಲಿ ಹುಡುಗ ಇಂಗ್ಲಿಷ್ ಕಲಿತ. ಫರ್ನಾಂಡಿಸ್ ಎಂಬ ಮೇಷ್ಟ್ರ ಬಳಿ ಪಾಠ ಹೇಳಿಸಿಕೊಂಡ. ಮುಂದೆ ಮೆಟ್ರಿಕ್ಯುಲೇಷನ್ ಮುಗಿಸಿ, ತಿರುವಾಂಕೂರು ಸರ್ಕಾರ ನಡೆಸುತ್ತಿದ್ದ ವೈದ್ಯಕೀಯ ತರಗತಿಯ ಪ್ರವೇಶ ಪರೀಕ್ಷೆ ಬರೆದ. ಮೇಲಿನ ಸ್ಥಾನಗಳಲ್ಲೇ ಪಾಸಾದ. ಸೀಟು ಮಾತ್ರ ಕೊಡಲಿಲ್ಲ. ಕಾರಣ ಜಾತಿ.

ಪಲ್ಪು ಮದ್ರಾಸ್ ಹಾದಿ ಹಿಡಿದರು. ಮನೆಯವರು ಹೇಗೋ ಹೊಂದಿಸಿದ ಹಣ, ಸಾಲ, ಅವರಿವರ ನೆರವು ಇವುಗಳಿಂದಲೇ ಮದ್ರಾಸ್ ವೈದ್ಯಕೀಯ ಕಾಲೇಜಿನ ವರ್ಷಗಳು ಸಾಗಿದವು. ಎಲ್‌ಎಂಎಸ್ ಪದವಿ ಹಿಡಿದು ಊರಿಗೆ ಬಂದು ಕೆಲಸ ಕೇಳಿದರು. ತಿರುವಾಂಕೂರು ಮತ್ತೆ ಇಲ್ಲವೆಂದಿತು. ವೈದ್ಯರ ಕೊರತೆಯಿದ್ದ ಸಂಸ್ಥಾನ, ತನ್ನದೇ ಪ್ರಜೆಯೊಬ್ಬ ಬೇರೆಯವರ ಹಣದಲ್ಲಿ ಓದಿ ಬಂದು ನಿಂತಾಗಲೂ ಬೇಡ ಎಂದದ್ದು ಇಂದು ಓದಿದರೆ ವಿಚಿತ್ರ ಎನಿಸುತ್ತದೆ. ಆಗ ಅದು ಯಾರಿಗೂ ವಿಚಿತ್ರವಾಗಿ ಕಾಣಿಸಿರಲಿಲ್ಲ. ಅವರ ಅಣ್ಣ ವೇಲಾಯುಧನ್ ಬಿಎ ಮುಗಿಸಿದ್ದರು. ಅವರಿಗೂ ಸಿಕ್ಕಿದ್ದು ಇದೇ ಉತ್ತರ. ಅವರು ಮದ್ರಾಸ್ ಸರ್ಕಾರದ ಕೆಲಸಕ್ಕೆ ಸೇರಿದರು.

ಪಲ್ಪು ಮೊದಲು ಮದ್ರಾಸಿನಲ್ಲಿ ಸಿಡುಬಿನ ಲಸಿಕೆಗೆ ಸಂಬಂಧಿಸಿದ ಕೆಲಸ ಮಾಡಿದರು. 1891ರಲ್ಲಿ ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಬಂದರು.

ಕರುವಿನ ಹೊಟ್ಟೆಯ ಮೇಲೆ ಬೆಳೆಯುತ್ತಿದ್ದ ಲಸಿಕೆ

ಬೆಂಗಳೂರಿನಲ್ಲಿ ಪಲ್ಪು ಅವರಿಗೆ ಸಿಕ್ಕ ಮುಖ್ಯ ಹೊಣೆ ಲಸಿಕೆ ತಯಾರಿಕಾ ಸಂಸ್ಥೆಯದ್ದು. ಅದೆಂಥ ಕೆಲಸ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಆ ಕಾಲದ ಭಾರತದಲ್ಲಿ ವೈದ್ಯಕೀಯ ಸಂಶೋಧನೆ ಎಂಬುದು ಬಹುಮಟ್ಟಿಗೆ ನಡೆಯುತ್ತಿದ್ದದ್ದು ಇಂಥ ಕಡೆಗಳಲ್ಲೇ.

ಮೊದಲೆಲ್ಲ ಸಿಡುಬಿನ ಲಸಿಕೆಯನ್ನು ತೋಳಿನಿಂದ ತೋಳಿಗೆ ಹಾಕುತ್ತಿದ್ದರು. ಲಸಿಕೆ ಹಾಕಿದ ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಮುಂದಿನ ಮಗುವಿನ ತೋಳಿಗೆ ಚುಚ್ಚುವುದು. ಇದರಿಂದ ಬೇರೆ ರೋಗಗಳೂ ಹರಡುತ್ತಿದ್ದವು. ಜೊತೆಗೆ ಯಾವ ಜಾತಿಯ ಮಗುವಿನ ದ್ರವ ಯಾರ ಮಗುವಿಗೆ ಎಂಬ ತಕರಾರು ಬೇರೆ. ನಂತರ ಕರುವಿನ ಲಸಿಕೆ ಬಂತು. ಕರುವಿನ ಹೊಟ್ಟೆಯ ಭಾಗದ ಕೂದಲು ಬೋಳಿಸಿ, ಚರ್ಮದ ಮೇಲೆ ಗೀರಿ, ಗೋಸಿಡುಬಿನ ದ್ರವ ಹಚ್ಚುತ್ತಿದ್ದರು. ಕೆಲವು ದಿನಗಳಲ್ಲಿ ಎದ್ದ ಗುಳ್ಳೆಗಳನ್ನು ಕೆರೆದು ತೆಗೆದು, ಅರೆದು, ಲಸಿಕೆ ಮಾಡುತ್ತಿದ್ದರು. ದೊಡ್ಡ ತಲೆನೋವು ಎಂದರೆ ಬಿಸಿಲು. ನಮ್ಮ ಬೇಸಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ಹಳ್ಳಿ ಸೇರುವಷ್ಟರಲ್ಲಿ ಲಸಿಕೆ ಸತ್ವ ಕಳೆದುಕೊಂಡು ನೀರಿಗೆ ಸಮವಾಗುತ್ತಿತ್ತು. ಮದ್ರಾಸಿನಲ್ಲಿ ಡಬ್ಲ್ಯು.ಜಿ. ಕಿಂಗ್ ಎಂಬ ಅಧಿಕಾರಿ ಲ್ಯಾನೋಲಿನ್ ಎಂಬ ಉಣ್ಣೆಯ ಜಿಡ್ಡಿನಲ್ಲಿ ಬೆರೆಸಿ ನೋಡುತ್ತಿದ್ದರೆ, ಇಂಗ್ಲೆಂಡಿನಲ್ಲಿ ಗ್ಲಿಸರಿನ್ ಬೆರೆಸುವ ವಿಧಾನ ಬಂದಿತ್ತು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ ಇದೇ ಕಿಂಗ್ ಅವರ ಹೆಸರಿನದು.

ಕರು ಬೇಕು, ಕೊಟ್ಟಿಗೆ ಬೇಕು, ಸಿಬ್ಬಂದಿ ಬೇಕು, ವಿಫಲವಾದಾಗ ಮತ್ತೆ ಮಾಡಲು ಅವಕಾಶ ಬೇಕು. ಇದೆಲ್ಲ ಖರ್ಚಿನ ಬಾಬತ್ತು. ಸಂಸ್ಥಾನ ಖಜಾನೆಯಿಂದ ಕೊಟ್ಟರೆ ಮಾತ್ರ ನಡೆಯುವಂಥದ್ದು. ತಿರುವಾಂಕೂರಿನ ಆಸ್ಪತ್ರೆಯೊಳಗೆ ಕಾಲಿಡಲಾಗದ ವೈದ್ಯ ಬೆಂಗಳೂರಿನಲ್ಲಿ ಅಂಥ ಸಂಸ್ಥೆಯ ಮುಖ್ಯಸ್ಥರಾದರು.

ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರೂ ಮಲಬಾರಿನ ಪಾಲಕ್ಕಾಡ್ ಕಡೆಯವರೇ. ಇದೊಂದು ತಮಾಷೆ. ತಿರುವಾಂಕೂರಿನಲ್ಲಿ ದೊಡ್ಡ ಹುದ್ದೆಗಳೆಲ್ಲ ಹೊರಗಿನ ತಮಿಳು ಬ್ರಾಹ್ಮಣರ ಪಾಲಾಗಿವೆ ಎಂದು ಅದೇ 1891ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ಮಹಾರಾಜರಿಗೆ ಮನವಿ ಕೊಟ್ಟಿದ್ದರು. ಮಲಯಾಳಿ ಮೆಮೋರಿಯಲ್ ಎಂದು ಹೆಸರಾದ ಆ ಮನವಿಯಲ್ಲಿ ಮೂರನೆಯ ಸಹಿ ಪಲ್ಪು ಅವರದ್ದು. ಅದೇ ಪಲ್ಪು ಅನ್ನ ಕಂಡುಕೊಂಡದ್ದು ಪಾಲಕ್ಕಾಡಿನ ತಮಿಳು ಬ್ರಾಹ್ಮಣ ದಿವಾನರಿದ್ದ ಸಂಸ್ಥಾನದಲ್ಲಿ.

ಹಾಗೆಂದು ಮೈಸೂರನ್ನು ಸ್ವರ್ಗವೆಂದು ತಿಳಿಯಬೇಕಿಲ್ಲ. ಇಲ್ಲಿಯೂ ಹುದ್ದೆಗಳು ಕೆಲವೇ ಸಮುದಾಯಗಳ ಕೈಯಲ್ಲಿವೆ ಎಂಬ ಕೂಗು ಇತ್ತು. ಅದಕ್ಕೆ ಉತ್ತರವಾಗಿ ಮಿಲ್ಲರ್ ಸಮಿತಿ ರಚನೆಯಾದದ್ದು 1918ರಲ್ಲಿ. ಹೊರಗಿನಿಂದ ಬಂದ ಒಬ್ಬ ನುರಿತ ವೈದ್ಯನಿಗೆ ಜಾಗ ಕೊಡುವುದು ಸಂಸ್ಥಾನಕ್ಕೆ ಸುಲಭವಾಗಿದ್ದಿರಬಹುದು.

ಪ್ಲೇಗ್ ಬಂತು

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗ್ ಬೆಂಗಳೂರಿಗೆ ಇಳಿಯಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಇಲಿ ಬಿದ್ದ ಮನೆಯ ಹಿಂದೆಯೇ ಸಾವು ಬರುತ್ತಿತ್ತು. ಜನ ಊರು ಬಿಟ್ಟು ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ತುಂಬಿಕೊಳ್ಳಲು ಆ ಹೆದರಿಕೆಯೂ ಕಾರಣ. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ದಿನಗಳಲ್ಲೇ. ಮುಂಬೈನಲ್ಲಿ ಹಾಫ್ಕಿನ್ ಪ್ಲೇಗ್ ಲಸಿಕೆಯನ್ನು 1897ರ ಜನವರಿಯಲ್ಲಿ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ. ಲಸಿಕೆ ಎಂದರೆ ಜನ ಹೆದರುತ್ತಿದ್ದರು, ಪ್ಲೇಗ್ ಶಿಬಿರವೆಂದರೆ ಇನ್ನೂ ಹೆಚ್ಚು.

ಪಲ್ಪು ಆ ಪ್ಲೇಗ್ ಕೆಲಸಕ್ಕೆ ಇಳಿದರು. ರೋಗಿಗಳನ್ನು ಬೇರ್ಪಡಿಸಿದ ಶಿಬಿರಗಳಲ್ಲಿ ದುಡಿಯುವುದೆಂದರೆ ಪ್ರಾಣವನ್ನು ಪಣಕ್ಕಿಟ್ಟಂತೆ. ತಿರುವಾಂಕೂರಿನಲ್ಲಿ ಮೇಲ್ಜಾತಿಯವರಿಗೆ ಅವರು ಹತ್ತಿರ ಬರುವಂತೆಯೇ ಇರಲಿಲ್ಲ. ಇಲ್ಲಿ ಎಲ್ಲ ಜಾತಿಯವರ ನಾಡಿ ಹಿಡಿದರು.

ಅದೇ ಸುಮಾರಿಗೆ ಮೈಸೂರು ಸರ್ಕಾರ ಅವರನ್ನು ಹೆಚ್ಚಿನ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿತು. ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಯುರೋಪಿನ ಬೇರೆ ನಗರಗಳಲ್ಲೂ ಕಲಿತು ಬಂದರು. ಲಸಿಕೆ, ಕುಡಿಯುವ ನೀರು, ಚರಂಡಿ, ಸಾಂಕ್ರಾಮಿಕ ರೋಗ ಎಲ್ಲವನ್ನೂ ಒಟ್ಟಿಗೆ ನೋಡುವ ಈ ವಿದ್ಯೆ ಆಗ ಇನ್ನೂ ಹೊಸದು. ಹಿಂದಿರುಗಿದ ಮೇಲೆ ಬೆಂಗಳೂರಿನ ಆರೋಗ್ಯಾಧಿಕಾರಿಯಾಗಿಯೂ ಕೆಲಸ ಮಾಡಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಸೇವೆಯಲ್ಲಿರುವ ವೈದ್ಯನಿಗೆ ಸಿಕ್ಕ ಫೆಲೋಶಿಪ್. ಕಳಿಸಿದ ಊರಿಗೆ ಕಲಿತ ವಿದ್ಯೆ ವಾಪಸ್ ಬಂತು.

ಸಂಬಳ ಹೋದದ್ದು ಎಲ್ಲಿಗೆ?

ಮೈಸೂರಿನ ಸಂಬಳದಲ್ಲಿ ಒಳ್ಳೆಯ ಪಾಲು ಖರ್ಚಾದದ್ದು ತಿರುವಾಂಕೂರಿನ ಹೋರಾಟಕ್ಕೆ. ರಜೆ ಹಾಕಿ ಊರೂರು ಸುತ್ತಿದರು, ಜನರಿಂದ ಸಹಿ ಮಾಡಿಸಿದರು. ಈಳವರಿಗೆ ಶಾಲೆ ಮತ್ತು ಸರ್ಕಾರಿ ಕೆಲಸ ಕೊಡಿ ಎಂದು ಕೇಳುವ ಈಳವ ಮೆಮೋರಿಯಲ್ ಮಹಾರಾಜರಿಗೆ ಸಲ್ಲಿಕೆಯಾದದ್ದು 1896ರ ಸೆಪ್ಟೆಂಬರ್ 3ರಂದು. ಅದಕ್ಕೆ ಬಿದ್ದ ಸಹಿಗಳು 13,176. ಬೇರೆ ಸಂಸ್ಥಾನದ ನೌಕರನಾಗಿದ್ದದ್ದು ಇಲ್ಲಿ ಅನುಕೂಲಕ್ಕೇ ಬಂತು, ತಿರುವಾಂಕೂರು ಅವರ ಕೆಲಸ ಕಿತ್ತುಕೊಳ್ಳುವಂತಿರಲಿಲ್ಲ. ಆದರೆ ಮನವಿಯಿಂದ ತಕ್ಷಣಕ್ಕೆ ದೊಡ್ಡದೇನೂ ಸಿಗಲಿಲ್ಲ.

1892ರಲ್ಲಿ ಬೆಂಗಳೂರಿಗೆ ಬಂದಿದ್ದ ಸ್ವಾಮಿ ವಿವೇಕಾನಂದರನ್ನು ಪಲ್ಪು ಭೇಟಿಯಾಗಿದ್ದರು ಎನ್ನುತ್ತಾರೆ. ಒಬ್ಬ ಆಧ್ಯಾತ್ಮಿಕ ಗುರುವನ್ನು ಮುಂದಿಟ್ಟುಕೊಂಡು ಜನರನ್ನು ಸಂಘಟಿಸುವ ಯೋಚನೆ ಅಲ್ಲಿಂದ ಬಂತೆಂದು ಹೇಳಲಾಗುತ್ತದೆ. ವಿವೇಕಾನಂದರು ಇಲ್ಲಿಂದ ಮುಂದೆ ಕೊಚ್ಚಿ ಸಂಸ್ಥಾನದ ಎರ್ನಾಕುಲಂ ದಾರಿಯಾಗಿ ತಿರುವನಂತಪುರಕ್ಕೆ ಹೋದರು. ಪಲ್ಪು ಹುಡುಕಿಕೊಂಡ ಗುರು ಶ್ರೀ ನಾರಾಯಣ ಗುರು, ಮುಂದೆ 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರು. 1895ರಲ್ಲಿ ಗುರುಗಳು ಬೆಂಗಳೂರಿಗೆ ಬಂದು ಪಲ್ಪು ಮನೆಯಲ್ಲಿ ಉಳಿದಿದ್ದರು. ಜೊತೆಗೆ ಒಬ್ಬ ಬಡ ಶಿಷ್ಯ, ಕುಮಾರನ್.

ಗುರುಗಳು ಆ ಹುಡುಗನನ್ನು ಪಲ್ಪು ಅವರಿಗೆ ಒಪ್ಪಿಸಿ ಹೋದರು. ಪಲ್ಪು ಅವನನ್ನು ಮನೆಯಲ್ಲಿಟ್ಟುಕೊಂಡು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿಗೆ ಸೇರಿಸಿದರು. ಮೂರು ವರ್ಷ ಓದು ನಡೆಯಿತು. ಪ್ಲೇಗ್ ಬಂದು ಇಲ್ಲಿನ ಓದು ನಿಂತಾಗ ಕಲ್ಕತ್ತೆಯಲ್ಲಿ ಮುಂದುವರಿಸಲು ಹಣ ಕೊಟ್ಟರು. ಆ ಹುಡುಗನೇ ಮುಂದೆ ಮಲಯಾಳಂನ ಮಹಾಕವಿ ಕುಮಾರನ್ ಆಶಾನ್. ತಾನು ಓದುವಾಗ ಸಿಗದೇ ಹೋದ ವಿದ್ಯಾರ್ಥಿವೇತನವನ್ನು ಪಲ್ಪು ಇನ್ನೊಬ್ಬನಿಗೆ ತಾವೇ ಕೊಟ್ಟಂತಾಯಿತು.

1903ರಲ್ಲಿ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಎಸ್‌ಎನ್‌ಡಿಪಿ ಯೋಗಂ ಸ್ಥಾಪನೆಯಾಯಿತು. ಕಾರ್ಯದರ್ಶಿ ಆಶಾನ್, ಬೆನ್ನ ಹಿಂದಿದ್ದವರು ಪಲ್ಪು. ಮನವಿಪತ್ರದಿಂದ ಆಗದ್ದು ಸಂಘಟನೆಯಿಂದ ನಿಧಾನವಾಗಿ ಆಗತೊಡಗಿತು. ಶಾಲೆಗಳು ಒಂದೊಂದಾಗಿ ತೆರೆದವು. ವ್ಯಾಪಾರ, ಉದ್ದಿಮೆಗಳಲ್ಲೂ ತಮ್ಮವರು ಮುಂದೆ ಬರಬೇಕೆಂದು ಪಲ್ಪು ಆಸೆಪಟ್ಟರು. ಅದಕ್ಕೆಂದು ಕಟ್ಟಿದ ಉದ್ಯಮದಲ್ಲಿ ಹಣ ಕಳೆದುಕೊಂಡರು. ಎಲ್ಲದರಲ್ಲೂ ಗೆದ್ದ ಮನುಷ್ಯರಲ್ಲ ಅವರು.

ಒಬ್ಬ ಮಗ 1895ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ನಾರಾಯಣ ಗುರುಗಳ ಶಿಷ್ಯರಾಗಿ, ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ಡಾಕ್ಟರೇಟ್ ಪಡೆದು, ನಟರಾಜ ಗುರು ಎಂದು ಹೆಸರಾದರು.

ಗಣರಾಜ್ಯಕ್ಕೆ ಒಂದು ದಿನ ಮೊದಲು

ನಿವೃತ್ತಿಯ ನಂತರ ಪಲ್ಪು ತಿರುವನಂತಪುರಕ್ಕೆ ಮರಳಿದರು. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳ್ ಸರ್ಕಾರಿ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೆ ತೆರೆದರು. ಪಲ್ಪು ಅವರಿಗೆ ಆಗ 73 ವರ್ಷ. 1949ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಒಂದಾದವು. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಐಸಿಎಂಆರ್ ಆದದ್ದೂ ಅದೇ ವರ್ಷ.

1950ರ ಜನವರಿ 25ರಂದು ಪಲ್ಪು ತೀರಿಕೊಂಡರು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನ ಜಾರಿಗೆ ಬಂದದ್ದು ಮರುದಿನ.

ಮರುವರ್ಷ, 1951ರ ನವೆಂಬರ್‌ನಲ್ಲಿ, ಅವರ ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಜವಾಹರಲಾಲ್ ನೆಹರು ಉದ್ಘಾಟಿಸಿದರು. ಅದರ ಮೊದಲ ತಂಡದಲ್ಲಿ ಓದಿದವರಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಒಬ್ಬರು. ಅದೇ ನಗರದ ಶ್ರೀ ಚಿತ್ತಿರ ತಿರುನಾಳ್ ಸಂಸ್ಥೆಯಲ್ಲಿ ಸರ್ಕಾರದ ಹಣದಿಂದ ಅವರ ತಂಡ ದೇಶೀಯ ಹೃದಯ ಕವಾಟ ತಯಾರಿಸಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಮೂರು ವರ್ಷಗಳ ನಂತರ ವಲಿಯತ್ತಾನ್ ಕೂಡ ಕರ್ನಾಟಕಕ್ಕೆ ಬಂದರು, ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ.