ಗುರುದತ್ತರು ಕಲಿತ ಶಾಲೆಗಳು

ಸಲಹೆ ಕೊಡುವುದು ಉಪಾಧ್ಯಾಯನ ಹುಟ್ಟುಗುಣವೆಂದು ನಮ್ಮ ಕಡೆಯ ಜನ ನಂಬಿದ್ದಾರೆ. ವೃತ್ತಿಯಿಂದ ನಿವೃತ್ತನಾಗಿ ಅನೇಕ ವರ್ಷಗಳು ಸಂದಿದ್ದರೂ ಈ ನಂಬಿಕೆಯಿಂದ ನನಗೆ ಬಿಡುಗಡೆ ದೊರೆತಿಲ್ಲ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ನಮ್ಮ ಶಿವನಿಯಲ್ಲಿ, ಮಗನನ್ನು ಯಾವ ಕಾಲೇಜಿಗೆ ಸೇರಿಸುವುದು, ಮಗಳನ್ನು ಬೆಂಗಳೂರಿಗೆ ಕಳಿಸುವುದೋ ಶಿವಮೊಗ್ಗಕ್ಕೋ ಎಂಬಂಥ ಪ್ರಶ್ನೆಗಳು ಸಂಜೆಯ ಹೊತ್ತು ನನ್ನ ಜಗಲಿಗೆ ಬಂದು ಕುಳಿತುಕೊಳ್ಳುತ್ತವೆ. ಅವಕ್ಕೆ ಉತ್ತರ ಹೇಳಿ ನನಗೆ ಅಭ್ಯಾಸವಾಗಿದೆ. ಆದರೆ ಈಚೆಗೆ ಬಂದ ಒಂದು ಪ್ರಶ್ನೆ ನನ್ನನ್ನು ಒಂದು ವಾರ ನಿದ್ದೆಗೆಡಿಸಿತು.

ಬಂದವರು ಊರಿನ ಒಬ್ಬ ಅಡಿಕೆ ಬೆಳೆಗಾರರು. ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವರೇ. ಅವರ ಮಗಳು ಬೆಂಗಳೂರಿನಲ್ಲಿ ಪದವಿ ಮುಗಿಸಿದ್ದಾಳೆ. ಚಲಚ್ಚಿತ್ರ ನಿರ್ದೇಶನವನ್ನು ಕಲಿಯಬೇಕೆಂಬುದು ಆಕೆಯ ಹಂಬಲ. ವಿದೇಶದ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಚಲಚ್ಚಿತ್ರ ಶಾಲೆಯಲ್ಲಿ ಆಕೆಗೆ ಸ್ಥಳ ದೊರೆತಿದೆ. ಎರಡು ವರ್ಷಗಳ ಓದು. ವಿದ್ಯಾರ್ಥಿವೇತನವಿಲ್ಲ. ತೋಟದ ಪತ್ರಗಳನ್ನು ಆಧಾರವಾಗಿಟ್ಟರೆ ಬ್ಯಾಂಕು ಸಾಲ ಕೊಡುತ್ತದೆ. ತಂದೆ ಮಗಳಿಬ್ಬರೂ ನನ್ನೆದುರು ಕುಳಿತರು. ಕಳಿಸಬೇಕೋ ಬೇಡವೋ, ಮೇಷ್ಟರು ಹೇಳಿದಂತೆ ಆಗಲಿ ಎಂದು ತಂದೆ ಮಾತು ಮುಗಿಸಿದರು. ಮಗಳು ಏನನ್ನೂ ಹೇಳದೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ನೋಟ ನನಗೆ ಹೊಸದಾಗಿರಲಿಲ್ಲ. ನಲವತ್ತು ವರ್ಷಗಳಿಗೂ ಹಿಂದೆ ಇಂಥದೇ ಒಬ್ಬ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಬೇಕೆಂದು ನನ್ನ ಬಳಿಗೆ ಬಂದಿದ್ದ. ಬ್ಯಾಂಕಿನ ಪರೀಕ್ಷೆಗೆ ಓದಿಕೊಳ್ಳುವಂತೆ ನಾನು ಬುದ್ಧಿ ಹೇಳಿದೆ. ಅವನು ವಿಧೇಯನಾಗಿ ಓದಿದ, ಉದ್ಯೋಗ ಪಡೆದ, ಮನೆ ಕಟ್ಟಿದ, ನಿವೃತ್ತನೂ ಆದ. ನನ್ನ ಸಲಹೆ ತಪ್ಪಾಯಿತೆಂದು ಅವನು ಒಮ್ಮೆಯೂ ಆಡಿದವನಲ್ಲ. ಆದರೂ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅವನು ಸಿನಿಮಾದ ಮಾತನ್ನೇ ತೆಗೆಯುತ್ತಾನೆ. ನಾನು ಮಾತು ಬದಲಿಸುತ್ತೇನೆ. ಈ ಕಾರಣದಿಂದ ನಾನು ಈ ಸಲ ಅವಸರದ ಉತ್ತರವನ್ನು ಕೊಡಲಾರದೆ ಒಂದು ವಾರದ ಅವಧಿ ಕೇಳಿದೆ.

ಆ ವಾರ ನನಗೆ ಜೊತೆಯಾದವರು ಗುರುದತ್ತರು. ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನಲ್ಲಿ ಅವರ 'ಪ್ಯಾಸಾ' ಚಿತ್ರವನ್ನು ನೋಡಿ, ರಾತ್ರಿಯೆಲ್ಲ ಬೀದಿ ಸುತ್ತಿದ ನೆನಪು ನನಗಿನ್ನೂ ಇದೆ. ಅವರ ತಾಯಿ ವಾಸಂತಿ ಪಡುಕೋಣೆಯವರು ಮಗನನ್ನು ಕುರಿತು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆಂಬುದನ್ನು ವಾಚಕರು ಬಲ್ಲರು. ಹಿಂದಿಯ ಚಿತ್ರರಂಗ ತನ್ನವರೆಂದು ಹೇಳಿಕೊಳ್ಳುವ ಈ ಕಲಾವಿದರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ನೆಯ ಜುಲೈ 9ರಂದು. ಕರಾವಳಿಯ ಪಡುಕೋಣೆಯ ಹೆಸರನ್ನು ಹೊತ್ತ ಸಾರಸ್ವತ ಕುಟುಂಬ. ಮೊದಲು ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಒದಗಿದ ಒಂದು ಅವಘಡದ ತರುವಾಯ ಗುರುದತ್ತನೆಂದು ಬದಲಾಯಿಸಿದರು. ತಂದೆ ಶಿವಶಂಕರರಾಯರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಆಮೇಲೆ ಬ್ಯಾಂಕಿನ ಕೆಲಸಕ್ಕೆ ಸೇರಿದವರು. ತಾಯಿ ಪಾಠ ಹೇಳುತ್ತಿದ್ದರು, ಕಥೆ ಬರೆಯುತ್ತಿದ್ದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದರು. ಮನೆಯಲ್ಲಿ ಅಕ್ಷರವಿತ್ತು, ಹಣವಿರಲಿಲ್ಲ.

ಹುಡುಗ ಬೆಳೆದದ್ದು ಕಲ್ಕತ್ತೆಯ ಭವಾನೀಪುರದಲ್ಲಿ. ಸಂಜೆ ಅಜ್ಜಿ ದೇವರಿಗೆ ದೀಪ ಹಚ್ಚಿದಾಗ, ಆ ಬೆಳಕಿಗೆ ಬೆರಳುಗಳನ್ನು ಒಡ್ಡಿ ಗೋಡೆಯ ಮೇಲೆ ನೆರಳಿನ ಚಿತ್ರಗಳನ್ನು ಮೂಡಿಸುವುದು ಅವನ ಆಟವಾಗಿತ್ತೆಂದು ಅವರ ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿಯವರು ನೆನೆದಿದ್ದಾರೆ. ಯಾವ ಶಾಲೆಯೂ ಕೊಡದ ಮೊದಲ ಪಾಠ ಅದು. ಎರಡನೆಯ ಪಾಠ ತಾಯಿಯ ಕಡೆಯ ಬಂಧು ಬಿ. ಬಿ. ಬೆನಗಲ್ ಅವರಿಂದ ದೊರೆಯಿತು. ಸಿನಿಮಾಗಳಿಗೆ ಜಾಹೀರಾತಿನ ಚಿತ್ರಗಳನ್ನು ಬರೆಯುತ್ತಿದ್ದ ಈ ಕಲಾವಿದರ ಒಂದು ವರ್ಣಚಿತ್ರದಿಂದ ಸ್ಫೂರ್ತಿಗೊಂಡು ಹುಡುಗ ಒಂದು ಸರ್ಪನೃತ್ಯವನ್ನು ತಾನೇ ಕಲ್ಪಿಸಿಕೊಂಡು ಕುಣಿದ.

ಮನೆಯ ಸ್ಥಿತಿಯಿಂದಾಗಿ ಕಾಲೇಜಿನ ವಿದ್ಯಾಭ್ಯಾಸ ಸಾಧ್ಯವಾಗಲಿಲ್ಲ. ಆ ವರ್ಷಗಳಲ್ಲಿ ಅವನೆದುರು ಎರಡು ದಾರಿಗಳಿದ್ದುವು. ಒಂದು, ನಾಲ್ಕು ಕಾಸು ತರುವ ಉದ್ಯೋಗ. ಲೀವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಟೆಲಿಫೋನ್ ಆಪರೇಟರಾಗಿ ಅವನು ಅದನ್ನೂ ಮಾಡಿ ನೋಡಿದ. ಇನ್ನೊಂದು, ಹಿಮಾಲಯದ ಮಡಿಲಿನ ಅಲ್ಮೋರ. ಅಲ್ಲಿ ಉದಯಶಂಕರರು ತಮ್ಮ ಕಲಾಕೇಂದ್ರವನ್ನು ನಡೆಸುತ್ತಿದ್ದರು. ಹದಿಹರೆಯದ ಗುರುದತ್ತ 1942ರ ಸುಮಾರಿಗೆ ಅಲ್ಲಿಗೆ ಸೇರಿದ. ಕಲ್ಕತ್ತೆಯ ಬಡ ಗೃಹಸ್ಥರ ಮನೆಗೆ, ಅದೂ ಮಹಾಯುದ್ಧದ ದಿನಗಳಲ್ಲಿ, ಅಲ್ಮೋರ ವಿದೇಶಕ್ಕಿಂತ ಹತ್ತಿರವೇನೂ ಆಗಿರಲಿಲ್ಲ.

ಉದಯಶಂಕರರ ಕಥೆಯೇ ವಿದೇಶದ ವಿದ್ಯಾಭ್ಯಾಸದ ಒಂದು ವಿಚಿತ್ರ ಪ್ರಕರಣ. ಅವರು 1920ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದದ್ದು ಚಿತ್ರಕಲೆ ಕಲಿಯಲು. ರಷ್ಯದ ನರ್ತಕಿ ಆನಾ ಪಾವ್ಲೋವಾ ಅವರ ಕಣ್ಣಿಗೆ ಬಿದ್ದು ನೃತ್ಯಗಾರರಾದರು. ಜಗತ್ತನ್ನು ಸುತ್ತಿ ಕೀರ್ತಿ ಪಡೆದು, ಸ್ವದೇಶಕ್ಕೆ ಬಂದು ಶಾಲೆ ಕಟ್ಟಿದರು. ಅವರ ಶಾಲೆಯಲ್ಲಿ ಕಥಕ್ಕಳಿಗೆ ಶಂಕರನ್ ನಂಬೂದಿರಿಗಳಿದ್ದರು, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆಯವರಿದ್ದರು, ಮಣಿಪುರಿಗೆ ಅಮೋಬಿ ಸಿಂಗರಿದ್ದರು, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನರಿದ್ದರು. ಹೋದ ಉದ್ದೇಶ ಒಂದು, ತಂದ ಫಲ ಇನ್ನೊಂದು. ಹೊರದೇಶಕ್ಕೆ ಹೋಗುವುದೇ ವ್ಯರ್ಥವೆಂದು ವಾದಿಸುವವರಿಗೆ ಉದಯಶಂಕರರ ಬದುಕು ತಕ್ಕ ಉತ್ತರ.

ಆದರೆ ಅವರ ಶಾಲೆ ಬಾಳಲಿಲ್ಲ. ಹಣದ ಮುಗ್ಗಟ್ಟಿನಿಂದ 1944ರಲ್ಲಿ ಅದು ಮುಚ್ಚಿಹೋಯಿತು. ಗುರುದತ್ತರ ಕೈಯಲ್ಲಿ ಯಾವ ಪದವಿಯೂ ಉಳಿಯಲಿಲ್ಲ. ನೃತ್ಯವನ್ನು ಅವರು ವೃತ್ತಿಯಾಗಿ ಹಿಡಿಯಲೂ ಇಲ್ಲ. ಹಾಗಾದರೆ ಅಲ್ಮೋರ ಅವರಿಗೆ ಕೊಟ್ಟದ್ದೇನು? ಮುಂದೆ ಅವರ ಚಿತ್ರಗಳಲ್ಲಿ ಹಾಡುಗಳು ಬರುವ ರೀತಿಯನ್ನು ಗಮನಿಸಿದವರಿಗೆ ಇದು ತಿಳಿಯುತ್ತದೆ. ಅವರಲ್ಲಿ ಹಾಡು ಕಥೆಯನ್ನು ತಡೆದು ನಿಲ್ಲಿಸುವುದಿಲ್ಲ. ಪಾತ್ರದ ನಡಿಗೆ, ಕ್ಯಾಮೆರಾದ ನಡಿಗೆ, ರಾಗದ ನಡಿಗೆ ಒಂದೇ ಲಯದಲ್ಲಿ ಸಾಗುತ್ತವೆ. ಒಂದು ಆವರಣದಲ್ಲಿ ಒಂದು ದೇಹ ಹೇಗೆ ನಿಲ್ಲಬೇಕು, ಎಷ್ಟು ಚಲಿಸಬೇಕು ಎಂಬ ಜ್ಞಾನ ಅದು. ಶಾಲೆ ಮುಚ್ಚಿತು; ಕಲಿತದ್ದು ಮೈಯಲ್ಲಿ ಉಳಿಯಿತು.

ಅದೇ ವರ್ಷ ಬೆನಗಲ್ ಅವರು ಗುರುದತ್ತರನ್ನು ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಕರೆದೊಯ್ದು ಮೂರು ವರ್ಷಗಳ ಕರಾರಿನ ಮೇಲೆ ಸೇರಿಸಿದರು. ಅಲ್ಲಿ ಪಾಠಪಟ್ಟಿಯಿರಲಿಲ್ಲ. ಸಣ್ಣ ಪಾತ್ರ ಮಾಡು ಎಂದರೆ ಮಾಡಬೇಕು, ನೃತ್ಯ ಸಂಯೋಜಿಸು ಎಂದರೆ ಸಂಯೋಜಿಸಬೇಕು, ನಿರ್ದೇಶಕರಿಗೆ ನೆರವಾಗು ಎಂದರೆ ಆಗಬೇಕು. ದೇವ್ ಆನಂದರ ಪರಿಚಯವಾದದ್ದು ಅಲ್ಲಿಯೇ. ಅಗಸ ಇಬ್ಬರ ಅಂಗಿಗಳನ್ನು ಅದಲುಬದಲು ಮಾಡಿದ್ದರಿಂದ ಬೆಳೆದ ಸ್ನೇಹವೆಂದು ಹೇಳುವುದುಂಟು. ತಮ್ಮಲ್ಲಿ ಯಾರು ಮೊದಲು ಮೇಲೆ ಬಂದರೂ ಇನ್ನೊಬ್ಬನನ್ನು ಕೈಹಿಡಿಯಬೇಕೆಂದು ಅವರು ಮಾಡಿಕೊಂಡ ಒಪ್ಪಂದ ಆಮೇಲೆ ಫಲ ಕೊಟ್ಟಿತು. ಕುತೂಹಲದ ಸಂಗತಿಯೆಂದರೆ, ಭಾರತ ಸರ್ಕಾರ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದ್ದು ಇದೇ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ. ಗುರುದತ್ತರು ಶಾಲೆಯಿಲ್ಲದೆ ಕಲಿತ ಅಂಗಳವೇ ಮುಂದೆ ಶಾಲೆಯಾಯಿತು. ನಮ್ಮ ನೆರೆಯ ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಕಲಿತದ್ದೂ ಅಲ್ಲಿಯೇ. ನನ್ನ ಆ ಹಳೆಯ ಶಿಷ್ಯ ಹೋಗಬೇಕೆಂದಿದ್ದದ್ದೂ ಅಲ್ಲಿಗೇ.

ಕರಾರು 1947ರಲ್ಲಿ ಮುಗಿಯಿತು. ಆಮೇಲಿನ ಒಂದು ಅವಧಿಯನ್ನು ಜೀವನಚರಿತ್ರೆಗಳು ಎರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ನಾನು ಮಾತ್ರ ಆ ವಾರವೆಲ್ಲ ಅದರಲ್ಲೇ ನಿಂತುಬಿಟ್ಟೆ. ಸುಮಾರು ಹತ್ತು ತಿಂಗಳು ಗುರುದತ್ತರಿಗೆ ಕೆಲಸವಿರಲಿಲ್ಲ. ಮುಂಬಯಿಯ ಮಾಟುಂಗದಲ್ಲಿ ತಂದೆತಾಯಿಗಳ ಮನೆಯಲ್ಲಿ ಇದ್ದರು. ಇಂಗ್ಲಿಷಿನಲ್ಲಿ ಸಣ್ಣ ಕಥೆಗಳನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದರು. ಲೋಕಕ್ಕೆ ಬೇಡವಾದ ಕಲಾವಿದನೊಬ್ಬನ ಕಥೆಯೊಂದನ್ನು 'ಕಶ್ಮಕಶ್' ಎಂಬ ಹೆಸರಿನಲ್ಲಿ ಬರೆದದ್ದು ಆ ನಿರುದ್ಯೋಗದ ದಿನಗಳಲ್ಲಿ. ಹತ್ತು ವರ್ಷಗಳ ತರುವಾಯ, 1957ರಲ್ಲಿ, ಅದು 'ಪ್ಯಾಸಾ' ಆಗಿ ಬೆಳಕು ಕಂಡಿತು. ಅಮೆರಿಕದ ಟೈಮ್ ಪತ್ರಿಕೆ 2005ರಲ್ಲಿ ಸರ್ವಕಾಲದ 100 ಚಿತ್ರಗಳನ್ನು ಆರಿಸಿದಾಗ ಅದರಲ್ಲಿ ಈ ಚಿತ್ರವೂ ಇತ್ತು. ಅಂಥ ಕೃತಿಯ ಬೀಜ ಬಿದ್ದದ್ದು ಶಾಲೆಯಲ್ಲಲ್ಲ, ಸ್ಟುಡಿಯೋದಲ್ಲೂ ಅಲ್ಲ; ಯಾರಿಗೂ ಬೇಡವಾಗಿ ಮನೆಯಲ್ಲಿ ಕುಳಿತ ಹತ್ತು ತಿಂಗಳುಗಳಲ್ಲಿ.

ಆ ಹತ್ತು ತಿಂಗಳು ಅವರಿಗೆ ಹೇಗೆ ದೊರೆತವು? ಮನೆ ಬಡತನದ್ದೇ; ಆದರೆ ಮನೆಯಿತ್ತು. ಊಟವಿಕ್ಕುವ ತಾಯಿಯಿದ್ದರು. ಗುರುದತ್ತರ ಕಲಿಕೆಗಾಗಿ ಅಡವಿಟ್ಟದ್ದು ಏನೂ ಇರಲಿಲ್ಲ. ತಿಂಗಳ ಮೊದಲ ದಿನ ಬಂದು ಬಾಗಿಲು ತಟ್ಟುವ ಸಾಲವಿರಲಿಲ್ಲ. ಇದ್ದಿದ್ದರೆ ಅವರು ಕಥೆ ಬರೆಯುತ್ತಿರಲಿಲ್ಲ. ಮತ್ತೆ ಯಾವುದೋ ಕಾರ್ಖಾನೆಯ ಟೆಲಿಫೋನಿನ ಮುಂದೆ ಕುಳಿತಿರುತ್ತಿದ್ದರೆಂದು ನನಗೆ ತೋರುತ್ತದೆ.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಅಮಿಯ ಚಕ್ರವರ್ತಿ, ಜ್ಞಾನ್ ಮುಖರ್ಜಿಯವರ ಬಳಿ ಸಹಾಯಕರಾಗಿ ದುಡಿದರು. ದೇವ್ ಆನಂದರು ಮಾತು ಉಳಿಸಿಕೊಂಡು 1951ರಲ್ಲಿ 'ಬಾಜಿ'ಯನ್ನು ನಿರ್ದೇಶಿಸಲು ಕರೆದರು. ಆ ಚಿತ್ರದ ಛಾಯಾಗ್ರಹಣ ವಿಭಾಗದಲ್ಲಿ ಸಹಾಯಕರಾಗಿದ್ದ ಮೈಸೂರಿನ ವಿ. ಕೆ. ಮೂರ್ತಿಯವರ ಕೈಚಳಕ ಗುರುದತ್ತರ ಕಣ್ಣಿಗೆ ಬಿತ್ತು. 1952ರ 'ಜಾಲ್' ಚಿತ್ರದಿಂದ ಮೂರ್ತಿಯವರು ಅವರ ಛಾಯಾಗ್ರಾಹಕರಾದರು. ಮೂರ್ತಿಯವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಬೆಳಕಿನ ಕಂಬವನ್ನು ನೋಡಿದವರು ಮರೆಯಲಾರರು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಿಂದ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ ಅವರು ಅದನ್ನು ಸಾಧಿಸಿದರು. ಅಜ್ಜಿಯ ದೀಪಕ್ಕೆ ಕೈಯೊಡ್ಡಿದ ಹುಡುಗನೂ ಬೆಂಗಳೂರಿನ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಯೂ ಕೂಡಿ ಮಾಡಿದ ಬೆಳಕು ಅದು. ಮೂರ್ತಿಯವರಿಗೆ ತರುವಾಯ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆಯಿತು.

ಗುರುದತ್ತರ ಬದುಕನ್ನು ಆದರ್ಶವೆಂದು ಹುಡುಗರ ಮುಂದಿಡಲು ನಾನು ಹೆದರುತ್ತೇನೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್' ಸೋತಿತು. ಆಮೇಲೆ ಅವರು ಚಿತ್ರಗಳನ್ನು ನಿರ್ಮಿಸಿದರು, ನಟಿಸಿದರು. ನಿರ್ದೇಶಕನೆಂದು ಮಾತ್ರ ಯಾವ ಚಿತ್ರಕ್ಕೂ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1964ನೆಯ ಅಕ್ಟೋಬರ್ 10ರಂದು, 39ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು. ಸೋಲನ್ನು ತಾಳಿಕೊಳ್ಳುವ ವಿದ್ಯೆಯನ್ನು ಅಲ್ಮೋರವೂ ಕಲಿಸಲಿಲ್ಲ, ಪ್ರಭಾತವೂ ಕಲಿಸಲಿಲ್ಲ. ಹೊರದೇಶದ ಶಾಲೆಯ ಪಾಠಪಟ್ಟಿಯಲ್ಲೂ ಅದು ಇರಲಾರದು.

ವಾರ ಕಳೆಯಿತು. ತಂದೆ ಮಗಳು ಮತ್ತೆ ಬಂದರು. ನಾನು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುರುದತ್ತರ ಈ ಕಥೆಯನ್ನೇ ಹೇಳಿ, ಆ ಹುಡುಗಿಗೆ ಎರಡು ಪ್ರಶ್ನೆಗಳನ್ನು ಹಾಕಿದೆ. ಸೇರಿದ ಶಾಲೆ ಅರ್ಧದಲ್ಲಿ ಮುಚ್ಚಿಹೋದರೆ ಆಕೆಯ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ಮೊದಲನೆಯದು. ಓದು ಮುಗಿಸಿ ಬಂದ ಮೇಲೆ ಹತ್ತು ತಿಂಗಳು ಕೆಲಸವಿಲ್ಲದೆ ಕುಳಿತು ಬರೆಯುವ ಸ್ವಾತಂತ್ರ್ಯ ಆಕೆಗೆ ಇರುತ್ತದೆಯೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಆಕೆ ತಡೆಯದೆ ಉತ್ತರ ಹೇಳಿದಳು. ಬೆಂಗಳೂರಿನಲ್ಲಿ ಗೆಳತಿಯರೊಡನೆ ಮೊಬೈಲಿನಲ್ಲೇ ಎರಡು ಕಿರುಚಿತ್ರಗಳನ್ನು ಮಾಡಿದ್ದಳಂತೆ, ಶಾಲೆಯಿದ್ದರೂ ಇಲ್ಲದಿದ್ದರೂ ಮೂರನೆಯದನ್ನು ಮಾಡುವವಳೇ. ಎರಡನೆಯ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನಿದ್ದು, ತಂದೆಯ ಕಡೆಗೆ ನೋಡಿದಳು. ತೋಟದ ಮಾತು ಬಂದಾಗಿನಿಂದ ಅವರಿಬ್ಬರೂ ಪರಸ್ಪರರ ಮುಖವನ್ನು ನೋಡಿದ್ದು ಅದೇ ಮೊದಲೆಂದು ನನಗೆ ಅನಿಸಿತು.

ಮೊನ್ನೆ ತಿಳಿಯಿತು. ತನ್ನ ಸ್ಥಳವನ್ನು ಒಂದು ವರ್ಷ ಕಾಯ್ದಿರಿಸಲು ಸಾಧ್ಯವೇ ಎಂದು ಕೇಳಿ ಆಕೆ ಆ ಶಾಲೆಗೆ ಬರೆದಿದ್ದಾಳೆ. ಜೊತೆಯಲ್ಲೇ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿಯವರೆಗೆ ಬೆಂಗಳೂರಿನ ಒಂದು ಚಿತ್ರತಂಡದಲ್ಲಿ ಸಹಾಯಕಿಯಾಗಿ ದುಡಿಯುವಳಂತೆ. ವೇತನ ದೊರೆತರೆ ಹೋಗುತ್ತಾಳೆ. ದೊರೆಯದಿದ್ದರೆ ಏನೆಂಬುದನ್ನು ಆಕೆ ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸಬೇಕಾದವಳು ಆಕೆಯೇ. ತೋಟದ ಪತ್ರಗಳು ಸದ್ಯಕ್ಕೆ ಮನೆಯ ಪೆಟ್ಟಿಗೆಯಲ್ಲಿವೆ.

ಶಿವನಿಯ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತಿಸಲು ತಂದೆಯೊಡನೆ ನಾನೂ ಹೋಗಿದ್ದೆ. ರೈಲು ಅಜ್ಜಂಪುರದ ಕಡೆಗೆ ಸರಿದು ಮರೆಯಾದ ಮೇಲೆ, ಈ ಸಲದ ಹಬ್ಬಕ್ಕೆ ಆ ಹಳೆಯ ಶಿಷ್ಯ ಬಂದು ಸಿನಿಮಾದ ಮಾತು ತೆಗೆದರೆ ಬದಲಿಸದೆ ಕುಳಿತು ಕೇಳಬೇಕೆಂದು ಮನಸ್ಸಿನಲ್ಲಿ ಅಂದುಕೊಂಡೆ.