ಕಣ್ಣಿನ ವೈದ್ಯರಾದ ಮುರಿಗೆಪ್ಪ ಚೆನ್ನವೀರಪ್ಪ ಮೋದಿಯವರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಅಜ್ಜನು ಕೋಲಿನ ಒಂದು ತುದಿಯನ್ನೂ ಮೊಮ್ಮಗನು ಮತ್ತೊಂದು ತುದಿಯನ್ನೂ ಹಿಡಿದು ನಡೆಯುವದು ಒಂದು ಕಾಲದಲ್ಲಿ ಎಲ್ಲರೂ ಕಂಡ ನೋಟವಾಗಿತ್ತು. ಒಬ್ಬನ ಕಣ್ಣಿಗೆ ಮೋತಿಬಿಂದು ಬಂದರೆ ಇಬ್ಬರ ದುಡಿಮೆ ನಿಲ್ಲುತ್ತಿತ್ತು. ಹುಡುಗನ ಶಾಲೆಯೂ ತಪ್ಪುತ್ತಿತ್ತು. ಆದರೂ ಅಂಥವರು ಪಟ್ಟಣದ ದವಾಖಾನೆಗೆ ಹೋಗುತ್ತಿದ್ದಿಲ್ಲ. ಯಾಕಂದರೆ ಈ ಕುರುಡುತನಕ್ಕೆ ಚಿಕಿತ್ಸೆಯುಂಟೆಂಬದು ಅನೇಕರಿಗೆ ತಿಳಿದಿರಲಿಲ್ಲ; ತಿಳಿದವರಿಗೂ ಬಂಡಿಯ ಬಾಡಿಗೆ, ಸಂಗಡ ಬರುವವನ ಕೂಲಿ, ಇಬ್ಬರ ಊಟ ಇವುಗಳನ್ನು ಒದಗಿಸುವ ಶಕ್ತಿಯಿರಲಿಲ್ಲ. ಚಿಕಿತ್ಸೆಯು ಧರ್ಮಾರ್ಥವಾಗಿದ್ದರೂ ಅದರ ಬಾಗಿಲಿಗೆ ಮುಟ್ಟುವದಕ್ಕೇ ಹಣ ಬೇಕಾಗಿತ್ತು.

ರೋಗಿಯು ಬರಲಾರದಿದ್ದರೆ ವೈದ್ಯನು ಹೋಗತಕ್ಕದ್ದೆಂದು ನಿಶ್ಚಯಿಸಿದವರು ಮೋದಿಯವರು. ಅವರು ಮೊದಲನೆಯ ಮಹಾಯುದ್ಧದ ದಿವಸಗಳಲ್ಲಿ, ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿದರು. ವೈದ್ಯವಿದ್ಯೆಯನ್ನು ಕಲಿತು, ಗಾಂಧೀಜಿಯವರ ಮಾತಿನಿಂದ ಪ್ರೇರಿತರಾಗಿ, 1943ರಿಂದ ಊರೂರಿಗೆ ಹೋಗಿ ಬಡವರ ಕಣ್ಣು ನೋಡುವ ಕೆಲಸಕ್ಕೆ ಕೈಹಾಕಿದರು. ದಾವಣಗೆರೆಯಲ್ಲಿ ಅವರ ಕಣ್ಣಿನ ದವಾಖಾನೆ ನಡೆಯಿತು. ತರುವಾಯ ಬೆಂಗಳೂರಿನಲ್ಲಿಯೂ ಒಂದಾಯಿತು. 1956ರ ತನಕ ರಾಣೆಬೆನ್ನೂರು ಮುಂಬಯಿ ರಾಜ್ಯದಲ್ಲಿಯೂ ದಾವಣಗೆರೆ ಮೈಸೂರು ರಾಜ್ಯದಲ್ಲಿಯೂ ಇದ್ದರೂ, ರಾಣೆಬೆನ್ನೂರಿನವರಿಗೆ ಹರಿಹರದ ಹೊಳೆ ದಾಟಿದರೆ ಸಿಕ್ಕುವ ಆ ಊರು ಹುಬ್ಬಳ್ಳಿಗಿಂತ ಬಹಳ ಸಮೀಪ.

ಇಂಥ ಶಿಬಿರಗಳು ನಡೆಯುವ ರೀತಿಯನ್ನು ಹೇಳುವೆನು. ಊರಿನ ಶಾಲೆಯೋ ಛತ್ರವೋ ದವಾಖಾನೆಯಾಗುವದು. ವರ್ತಕರು ಅಕ್ಕಿಬೇಳೆ ಕೊಡುವರು. ತರುಣರು ನೀರು ಹೊತ್ತು ರೋಗಿಗಳನ್ನು ಸಾಲಾಗಿ ಕೂಡ್ರಿಸುವರು. ಮೊದಲು ಎಲ್ಲರ ಕಣ್ಣುಗಳನ್ನು ನೋಡಿ, ಶಸ್ತ್ರಕ್ರಿಯೆಗೆ ತಕ್ಕವರನ್ನು ಬೇರ್ಪಡಿಸುವರು. ಬಲಿತ ಪೊರೆಯನ್ನು ಕಾಣುವದಕ್ಕೆ ಒಂದು ಬ್ಯಾಟರಿ ದೀಪ ಸಾಕು. ದೃಷ್ಟಿಯನ್ನು ಅಳೆಯುವದಕ್ಕೆ ಆರು ಮೀಟರು ದೂರದಲ್ಲಿ ಹಿಡಿದ ಒಂದು ಅಕ್ಷರಪಟ ಸಾಕು. ಇಷ್ಟನ್ನು ಓದುಬರಹ ಬಲ್ಲ ಹಳ್ಳಿಯ ಹುಡುಗನೂ ಕಲಿತು ಮಾಡಬಹುದು.

1993ರ ಫೆಬ್ರವರಿಯ ತನಕ ಮೋದಿಯವರು 46,120 ಹಳ್ಳಿಗಳಿಗೆ ಹೋಗಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಕ್ರಿಯೆಗಳನ್ನು ಮಾಡಿದರೆಂದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಬರೆದದೆ. ಈ ಲೆಕ್ಕವನ್ನು ಭಾಗಿಸಿ ನೋಡಿರಿ. ಒಂದೊಂದು ಹಳ್ಳಿಗೆ ಸುಮಾರು 260 ಮಂದಿ ರೋಗಿಗಳು, 13 ಶಸ್ತ್ರಕ್ರಿಯೆಗಳು. ಒಂದು ಶಸ್ತ್ರಕ್ರಿಯೆ ಆಗಬೇಕಾದರೆ ಸುಮಾರು ಇಪ್ಪತ್ತು ಮಂದಿಯನ್ನು ನೋಡಬೇಕಾಯಿತು. ಮಿಕ್ಕವರನ್ನು ನೋಡಿದ್ದು ದಂಡವೆಂದು ಲೆಕ್ಕಿಗರು ಹೇಳಿಯಾರು. ಆದರೆ ನೋಡುವದಕ್ಕೆ ಮುಂಚೆ ಆ ಒಬ್ಬನು ಯಾರೆಂದು ಬಲ್ಲವರಾರು? ಮಿಕ್ಕವರಲ್ಲಿ ಚಾಳೀಸು ಮಾತ್ರ ಬೇಕಾದವರೂ, ಕಾಚಬಿಂದಿನಿಂದ ದೃಷ್ಟಿ ಪೂರಾ ಹೋಗಿ ಇನ್ನು ತಿರಿಗಿ ಬಾರದವರೂ ಇರುವರು. ಹೀಗೆ ಬರಿಗೈಯಲ್ಲಿ ಹಿಂದಿರುಗುವವನೂ ಆ ದಿನದ ಕೂಲಿಯನ್ನು ಕಳಕೊಂಡೇ ಬಂದಿರುತ್ತಾನೆ.

ಒಂದೇ ದಿವಸದಲ್ಲಿ ಅವರು 833 ಶಸ್ತ್ರಕ್ರಿಯೆಗಳನ್ನು ಮಾಡಿದರೆಂಬದು ಎಲ್ಲರೂ ಹೊಗಳುವ ಸಂಗತಿ. ನನಗಾದರೋ ಅದಕ್ಕಿಂತ ಹಳ್ಳಿಗಳ ಸಂಖ್ಯೆಯೇ ದೊಡ್ಡದಾಗಿ ತೋರುತ್ತದೆ. ಯಾಕಂದರೆ ಶಸ್ತ್ರಕ್ರಿಯೆಯ ತರುವಾಯ ಕಣ್ಣು ಕೀವುಗಟ್ಟದಂತೆ ನೋಡಿಕೊಳ್ಳುವವರು ಬೇಕು. ಆ ಕಾಲದ ಪದ್ಧತಿಯಲ್ಲಿ ಕಣ್ಣಿನೊಳಗಿನ ಮಸೂರವನ್ನು ತೆಗೆದು, ಅದಕ್ಕೆ ಬದಲಾಗಿ ದಪ್ಪ ಗಾಜಿನ ಚಾಳೀಸು ಕೊಡುತ್ತಿದ್ದರು. ಅದು ಒಡೆದರೆ ಮುದುಕನು ಮತ್ತೆ ಕುರುಡನಂತೆಯೇ. ಈಗ ಕಣ್ಣಿನೊಳಗೇ ಕೃತಕ ಮಸೂರವನ್ನು ಇಡುವದರಿಂದ ಆ ಕಷ್ಟ ತಪ್ಪಿತು. ಭಾರತ ಸರಕಾರವು 1976ರಲ್ಲಿ ಅಂಧತ್ವ ನಿವಾರಣೆಯ ಕಾರ್ಯಕ್ರಮವನ್ನು ಆರಂಭಿಸಿತು. ಕಾಲಕ್ರಮದಲ್ಲಿ ಹಳ್ಳಿಯಲ್ಲಿ ತಪಾಸಣೆ, ದವಾಖಾನೆಯಲ್ಲಿ ಶಸ್ತ್ರಕ್ರಿಯೆ ಎಂಬ ಪದ್ಧತಿ ನೆಲೆಗೊಂಡಿತು. ಆದದರಿಂದ ರೋಗಿಗಳನ್ನು ಕರೆದೊಯ್ದು ತಿರಿಗಿ ಊರು ಮುಟ್ಟಿಸುವ ವಾಹನದ ಖರ್ಚು ಹೊಸದಾಗಿ ಸೇರಿತು. ಕಣ್ಣುಗಳಿಗಾದರೋ ಅದೇ ಹೆಚ್ಚು ಕ್ಷೇಮಕರ.

ಸರಕಾರವು ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಿರುದುಗಳನ್ನಿತ್ತು ಸನ್ಮಾನಿಸಿತು. ಅವರು 2005ನೇ ನವೆಂಬರದಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಮಕ್ಕಳ ಕಣ್ಣುಗಳನ್ನು ಕಾಡಿದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು. ಆದರೆ ಸಕ್ಕರೆ ರೋಗದಿಂದ ಕಣ್ಣಿನ ಹಿಂಪರದೆ ಕೆಡುವದು ಈಗ ಹಳ್ಳಿಗಳಲ್ಲಿಯೂ ಇದೆ. ಬ್ಯಾಟರಿ ದೀಪಕ್ಕೆ ಇದು ಕಾಣಿಸದು. ಕಣ್ಣಿಗೆ ಔಷಧ ಹಾಕಿ ಪಾಪೆಯನ್ನು ಹಿಗ್ಗಿಸಿ, ಬೆಲೆಬಾಳುವ ಯಂತ್ರದಿಂದ ಒಳಗನ್ನು ನೋಡಬೇಕು. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಮಂಜಾಗದು. ಆದುದರಿಂದ ಸಕ್ಕರೆ ರೋಗವುಳ್ಳವರೆಲ್ಲರೂ, ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ, ವರುಷಕ್ಕೊಮ್ಮೆ ತೋರಿಸತಕ್ಕದ್ದು. ಕಣ್ಣು ಕಾಣುವವನು ಒಂದು ದಿವಸದ ಕೂಲಿಯನ್ನು ಬಿಟ್ಟು ಬಸ್ಸು ಹತ್ತುವಂತೆ ಮಾಡುವದು, ಕುರುಡನನ್ನು ಕರೆತರುವದಕ್ಕಿಂತಲೂ ಕಠಿಣವಾಗಿದೆ.