ಕ್ಷಯಾಣುವನ್ನು ಕಂಡ ರಾಬರ್ಟ್ ಕಾಕ್

ಹೋದ ವರ್ಷ ನಮ್ಮ ತಂದೆಯವರ ಕೆಮ್ಮು ಮೂರು ವಾರವಾದರೂ ನಿಲ್ಲಲಿಲ್ಲ. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಕಫ ಪರೀಕ್ಷಿಸಿದವರು ಗಾಜಿನ ಪಟ್ಟಿಯನ್ನು ನನಗೂ ತೋರಿಸಿದರು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು! ಇವನ್ನು ಮೊದಲು ಕಂಡವನಾರೆಂದು ಕಾಲೇಜಿನ ಪುಸ್ತಕಾಲಯದಲ್ಲಿ ಹುಡುಕಿದೆನು. ಇತಿಹಾಸದ ವಿದ್ಯಾರ್ಥಿಯಾದ ನನಗೆ ವಿಜ್ಞಾನ ದೂರ. ಆದರೆ ಆ ಮನುಷ್ಯನ ಬಾಳು ದೂರವೆನಿಸಲಿಲ್ಲ.

ರಾಬರ್ಟ್ ಕಾಕ್ 1843ರಲ್ಲಿ ಜರ್ಮನಿಯ ಕ್ಲೌಸ್ತಾಲ್ ಎಂಬ ಗಣಿಯೂರಿನಲ್ಲಿ, ನಮ್ಮ ಸಂಡೂರಿನಂಥ ಕಡೆ, ಹುಟ್ಟಿದನು. ವೈದ್ಯನಾಗಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ರೋಗಿಗಳನ್ನು ನೋಡುತ್ತಲೇ, ಮನೆಯಲ್ಲಿ ಸೂಕ್ಷ್ಮದರ್ಶಕ ಹೂಡಿ, ದನಕುರಿಗಳನ್ನು ಕೊಲ್ಲುವ ನೆರಡಿ ರೋಗದ ಗುಟ್ಟನ್ನು 1876ರಲ್ಲಿ ಬಯಲಿಗೆಳೆದನು. ತಾಲೂಕು ಊರಿನವರಾದ ನಮಗೆ ಇದು ಸಣ್ಣ ಸಮಾಧಾನವಲ್ಲ. 1880ರಲ್ಲಿ ಬರ್ಲಿನ್ನಿನಿಂದ ಕರೆ ಬಂದಿತು.

ಆಗ ಸಾಯುವ ಏಳು ಮಂದಿಯಲ್ಲಿ ಒಬ್ಬರು ಕ್ಷಯದಿಂದ ಸಾಯುತ್ತಿದ್ದರೆಂದು ಲೆಕ್ಕ. ಆದರೂ ಕ್ಷಯಾಣು ಕಣ್ಣಿಗೆ ಬೀಳುತ್ತಿರಲಿಲ್ಲ. ಕಾರಣ ಅದು ತೊಟ್ಟ ಕೊಬ್ಬಿನ ಅಂಗಿ. ಮೈಕೋಲಿಕ್ ಆಮ್ಲವೆಂಬ ಉದ್ದುದ್ದ ಕೊಬ್ಬಿನ ಎಳೆಗಳ ಆ ಗೋಡೆಗೆ ಬಣ್ಣ ಸುಲಭವಾಗಿ ಹಿಡಿಯದು, ಹಿಡಿದರೆ ಬಿಡದು. ಕಾಕ್‌ಗೆ ಈ ಸಂಗತಿ ತಿಳಿದಿರಲಿಲ್ಲ, ತಾಳ್ಮೆಯಿತ್ತು. ಕ್ಷಾರ ಬೆರೆಸಿದ ನೀಲಿಯಲ್ಲಿ ಇಡೀ ಒಂದು ದಿನ ನೆನೆಯಿಟ್ಟು, ಮೇಲೆ ಕಂದು ಬಣ್ಣ ಹಾಕಿದನು. ಸುತ್ತಲಿನದೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಕಡ್ಡಿಗಳು ನೀಲಿಯಾಗಿಯೇ ಉಳಿದವು! ಹೆಪ್ಪುಗಟ್ಟಿಸಿದ ರಕ್ತದ್ರವದ ಮೇಲೆ ವಾರಗಟ್ಟಲೆ ಕಾದು ಅವನ್ನು ಬೆಳೆಸಿ, ಗಿನಿಯಿಲಿಗಳಿಗೆ ಚುಚ್ಚಿದಾಗ ಅವಕ್ಕೂ ಕ್ಷಯ ಬಂದಿತು. 1882ನೆಯ ಮಾರ್ಚ್ 24ರಂದು ಬರ್ಲಿನ್ನಿನ ಸಭೆಯಲ್ಲಿ ಇದನ್ನು ಸಾರಿದನು. ಬಣ್ಣ ಹಾಕುವ ಕ್ರಮವನ್ನು ಎರ್ಲಿಕ್, ಜೀಲ್, ನೀಲ್ಸನ್ನರು ಮುಂದೆ ತಿದ್ದಿದರು. ನಾನು ಕಂಡ ಕೆಂಪು ಅವರದು. ಕಲ್ಕತ್ತೆಗೂ ಬಂದ ಕಾಕ್ 1884ರಲ್ಲಿ ಕಾಲರಾದ ಅಣುಜೀವಿಯನ್ನು ಗುರುತಿಸಿದನು.

1890ರ ತಪ್ಪನ್ನು ಮುಚ್ಚಿಡಲಾರೆ. ಟ್ಯೂಬರ್ಕ್ಯುಲಿನ್ ಎಂಬ ಔಷಧವನ್ನು, ಅದರೊಳಗೇನಿದೆಯೆಂದು ಹೇಳದೆಯೇ ಹೊರತಂದನು. ರೋಗಿಗಳು ಬರ್ಲಿನ್ನಿಗೆ ಮುಗಿಬಿದ್ದರು. ಅದು ಕ್ಷಯವನ್ನು ಗುಣಪಡಿಸಲಿಲ್ಲ, ಕೆಲವರು ಸತ್ತರು. ಸೋಂಕನ್ನು ಪತ್ತೆ ಹಚ್ಚಲು ಮಾತ್ರ ಅದು ಉಳಿಯಿತು. 1905ರಲ್ಲಿ ನೊಬೆಲ್ ಬಹುಮಾನ ಬಂದಿತೇನೋ ನಿಜ. 1910ರ ಮೇ 27ರಂದು ಬಾಡೆನ್-ಬಾಡೆನ್ನಿನಲ್ಲಿ ಆತನು ತೀರಿಕೊಂಡಾಗ ಕ್ಷಯಕ್ಕೆ ಮದ್ದಿರಲಿಲ್ಲ.

ಮದ್ದು ನಾಟಿದ್ದು ಆ ಅಂಗಿಗೇ. 1952ರಲ್ಲಿ ಬಂದ ಐಸೋನಿಯಾಜಿಡ್ ಕೊಬ್ಬಿನ ಎಳೆ ನೇಯದಂತೆ ತಡೆಯುತ್ತದೆ. ನೇಯಿಸುವ ಐಎನ್‌ಎಚ್‌ಎ ಎಂಬ ವಂಶವಾಹಿಯನ್ನು 1994ರಲ್ಲಿ ಗುರುತಿಸಿದರು. ಅದು ಮಾರ್ಪಟ್ಟರೆ ಮಾತ್ರೆ ನಾಟದು. ಅದಕ್ಕೇ ಬೇರೆ ಮದ್ದುಗಳನ್ನೂ ಕೂಡಿಸಿ ಆರು ತಿಂಗಳು ಕೊಡುತ್ತಾರೆ.

ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತಿತೆಂದು ತಂದೆಯವರು ಮಾತ್ರೆ ಬಿಡಹೊರಟರು. ಈ ಕಥೆಯನ್ನೆಲ್ಲ ಹೇಳಿದೆನು. ಪೂರ್ತಿ ಕೇಳಲಿಲ್ಲ, ನೀರಿನ ಚೊಂಬು ತಾ ಎಂದರು.